ಕುಕ್ ಟೌನ್ ಮನೆಗಳಿಗೆ ಕಂಪ್ಯೂಟರ್, ಮಾನಿಟರ್, ವೈ-ಫೈ: ಖರೀದಿಗೆ ಮುನ್ನ ತಿಳಿದಿರಬೇಕಾದ ಸಂಗತಿಗಳು

ಬೆಂಗಳೂರು: ನಗರದ ಮಾಹಿತಿ ತಂತ್ರಜ್ಞಾನ ಉದ್ಯಮ ಮೊದಲು ಬೇರೂರಿದ ಜಾಗಗಳಲ್ಲಿ ದಂಡು ಪ್ರದೇಶವೂ ಒಂದು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಮಿಲ್ಲರ್ಸ್ ರಸ್ತೆಯಲ್ಲಿ ತನ್ನ ಕೇಂದ್ರವನ್ನು ತೆರೆದು, ಉಪಗ್ರಹದ ಮೂಲಕ ಅಮೆರಿಕದೊಂದಿಗೆ ದತ್ತಾಂಶ ಸಂಪರ್ಕ ಸಾಧಿಸಿತು. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಕುಕ್ ಟೌನ್‌ನಲ್ಲಿ ಇಂದು ಫೈಬರ್ ಕೇಬಲ್ ಮನೆಬಾಗಿಲಿಗೇ ಬಂದಿದೆ. ಆದರೂ ಹಜಾರದಲ್ಲಿ ಓಡುವ ಅಂತರಜಾಲ ಹಿಂದಿನ ಕೋಣೆಯಲ್ಲಿ ತೆವಳುವುದು ಇಲ್ಲಿನ ಹಳೆಯ ಮನೆಗಳಲ್ಲಿ ಸಾಮಾನ್ಯ.

ವಿದೇಶದಲ್ಲಿರುವ ಮಕ್ಕಳೊಂದಿಗೆ ವಿಡಿಯೊ ಕರೆಯಲ್ಲಿ ಮಾತನಾಡುವ ಹಿರಿಯರು, ಮನೆಯಿಂದಲೇ ಕಚೇರಿ ಕೆಲಸ ಮಾಡುವವರು, ಆನ್‌ಲೈನ್ ಪರೀಕ್ಷೆ ಬರೆಯುವ ವಿದ್ಯಾರ್ಥಿಗಳು ಎಲ್ಲರಿಗೂ ಇದು ನಿತ್ಯದ ತೊಂದರೆ. ಕರೆ ಕಡಿದಾಗ ದೋಷವನ್ನು ಕಂಪ್ಯೂಟರ್ ಮೇಲೆ ಹೊರಿಸಿ ಹೊಸದನ್ನು ಕೊಳ್ಳುವವರೂ ಇದ್ದಾರೆ. ಹೊಸ ಯಂತ್ರ ಬಂದ ಮೇಲೂ ಕರೆ ಕಡಿಯುವುದು ನಿಲ್ಲುವುದಿಲ್ಲ. ಕಾರಣ ಗೋಡೆಯಲ್ಲಿರುತ್ತದೆ, ಯಂತ್ರದಲ್ಲಿ ಅಲ್ಲ. ಸಾಮಾನ್ಯವಾಗಿ ಖರೀದಿ ಕಂಪ್ಯೂಟರ್‌ನಿಂದ ಆರಂಭವಾಗಿ ರೂಟರ್‌ನಲ್ಲಿ ಮುಗಿಯುತ್ತದೆ. ಹಳೆಯ ಬಡಾವಣೆಗಳ ಮನೆಗಳಿಗೆ ಇದರ ವಿರುದ್ಧ ಕ್ರಮವೇ ಸೂಕ್ತ: ಮೊದಲು ವಿದ್ಯುತ್ ಮತ್ತು ಜಾಲ, ಬಳಿಕ ಪರದೆ, ಕೊನೆಯಲ್ಲಿ ಕಂಪ್ಯೂಟರ್.

ಮನೆಯ ಸ್ವರೂಪ

1809ರಲ್ಲಿ ಹಲಸೂರಿನ ಬಳಿ ಸ್ಥಾಪನೆಯಾದ ದಂಡು ಪ್ರದೇಶ ಕಾಲಕ್ರಮದಲ್ಲಿ ಪೂರ್ವ ಮತ್ತು ಉತ್ತರಕ್ಕೆ ವಿಸ್ತರಿಸಿತು. ಫ್ರೇಜರ್ ಟೌನ್, ಕಾಕ್ಸ್ ಟೌನ್, ರಿಚರ್ಡ್ಸ್ ಟೌನ್, ಕುಕ್ ಟೌನ್ ಮುಂತಾದವು ಹೀಗೆ ಬೆಳೆದ ಬಡಾವಣೆಗಳು. 1949ರಲ್ಲಿ ನಗರ ಮತ್ತು ದಂಡು ಪ್ರದೇಶಗಳ ಪುರಸಭೆಗಳು ಒಂದಾಗಿ ಬೆಂಗಳೂರು ಮಹಾನಗರ ಪಾಲಿಕೆ ರೂಪುಗೊಂಡಿತು.

ಇಂದಿನ ಕುಕ್ ಟೌನ್‌ನಲ್ಲಿ ಎರಡು ಬಗೆಯ ಮನೆಗಳಿವೆ. ಒಂದು, ಮಿಲ್ಟನ್ ಸ್ಟ್ರೀಟ್ ಮತ್ತು ಸುತ್ತಲಿನ ರಸ್ತೆಗಳಲ್ಲಿ ಅಲ್ಲಲ್ಲಿ ಉಳಿದಿರುವ ಹಳೆಯ ಬಂಗಲೆಗಳು. ಇವುಗಳಿಗೆ ಕಲ್ಲು ಅಥವಾ ಇಟ್ಟಿಗೆಯ ದಪ್ಪ ಗೋಡೆ, ಸಾಲಾಗಿ ಒಂದರ ಹಿಂದೊಂದು ಕೋಣೆಗಳು. ಇನ್ನೊಂದು, ಬಂಗಲೆಗಳನ್ನು ಕೆಡವಿದ ನಿವೇಶನಗಳಲ್ಲಿ ಎದ್ದಿರುವ ಅಪಾರ್ಟ್‌ಮೆಂಟ್‌ಗಳು. ಇವುಗಳಲ್ಲಿ ಕಾಂಕ್ರೀಟ್ ಕಂಬ ಹಾಗೂ ತಾರಸಿ, ಜೊತೆಗೆ ನೆರೆಹೊರೆಯ ಹತ್ತಾರು ವೈ-ಫೈಗಳ ಸಂದಣಿ. ಮೊದಲನೆಯದರಲ್ಲಿ ತೊಂದರೆ ಗೋಡೆಯದು, ಎರಡನೆಯದರಲ್ಲಿ ಸಂದಣಿಯದು. ಎರಡಕ್ಕೂ ಒಂದೇ ಪರಿಹಾರ ಹೊಂದುವುದಿಲ್ಲ.

ಮೊದಲು ವಿದ್ಯುತ್

ಹಳೆಯ ಮನೆಗಳ ಕೆಲವು ಕೋಣೆಗಳಲ್ಲಿ ಎರಡು ರಂಧ್ರಗಳ ಸಾಕೆಟ್‌ಗಳು ಇನ್ನೂ ಉಳಿದಿರುತ್ತವೆ. ಮೂರು ರಂಧ್ರಗಳಿದ್ದರೂ ಒಳಗೆ ಅರ್ಥಿಂಗ್ ತಂತಿ ಇಲ್ಲದಿರಬಹುದು. ಲೋಹದ ಪೆಟ್ಟಿಗೆಯ ಕಂಪ್ಯೂಟರನ್ನು ಮುಟ್ಟಿದಾಗ ಬೆರಳು ಜುಮ್ಮೆಂದರೆ ಅದನ್ನು ಅರ್ಥಿಂಗ್ ದೋಷದ ಸೂಚನೆ ಎಂದೇ ಭಾವಿಸಿ, ಪರವಾನಗಿ ಪಡೆದ ಎಲೆಕ್ಟ್ರೀಷಿಯನ್‌ನಿಂದ ಪರೀಕ್ಷೆ ಮಾಡಿಸಬೇಕು. ಸರ್ಜ್ ನಿರೋಧಕ ಪಟ್ಟಿಗಳೂ ಅರ್ಥಿಂಗ್ ಇಲ್ಲದೆ ಪೂರ್ಣ ರಕ್ಷಣೆ ನೀಡಲಾರವು.

ಮನೆಯಲ್ಲಿ ಇನ್ವರ್ಟರ್ ಇದ್ದರೂ ವಿದ್ಯುತ್ ಹೋದ ಕ್ಷಣದ ಅಂತರದಲ್ಲಿ ರೂಟರ್ ಮತ್ತು ಡೆಸ್ಕ್‌ಟಾಪ್ ಮತ್ತೆ ಮೊದಲಿನಿಂದ ಆರಂಭವಾಗುವುದುಂಟು. ಫೈಬರ್ ಪೆಟ್ಟಿಗೆ ಹಾಗೂ ರೂಟರ್‌ಗಳಿಗೆ 12 ವೋಲ್ಟ್‌ನ ಪುಟ್ಟ ಯುಪಿಎಸ್ ದೊರೆಯುತ್ತದೆ. ಕೊಳ್ಳುವ ಮುನ್ನ ರೂಟರ್‌ನ ಅಡಾಪ್ಟರ್ ಮೇಲೆ ಮುದ್ರಿಸಿರುವ ವೋಲ್ಟ್ ಮತ್ತು ಆಂಪಿಯರ್ ಸಂಖ್ಯೆಗಳನ್ನು ತಾಳೆ ನೋಡುವುದು ಅವಶ್ಯ. ಏಪ್ರಿಲ್ ಹಾಗೂ ಮೇ ತಿಂಗಳ ಗುಡುಗು ಮಳೆಯ ಸಂಜೆಗಳಲ್ಲಿ ಉಪಕರಣಗಳ ಪ್ಲಗ್ ಕಿತ್ತಿಡುವುದು ಅತ್ಯಂತ ಅಗ್ಗದ ವಿಮೆ.

ಜಾಲ: ಗೋಡೆ ದಾಟುವ ಬಗೆ

ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆ ಆರಂಭವಾದದ್ದು 1995ರ ಆಗಸ್ಟ್ 15ರಂದು. 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ 256 ಕೆಬಿಪಿಎಸ್ ವೇಗವಿದ್ದರೆ ಬ್ರಾಡ್‌ಬ್ಯಾಂಡ್ ಎಂದು ಪರಿಗಣಿಸಲಾಗಿತ್ತು. 2023ರಲ್ಲಿ ಈ ಕನಿಷ್ಠ ಮಿತಿಯನ್ನು 2 ಎಂಬಿಪಿಎಸ್‌ಗೆ ಏರಿಸಲಾಯಿತು. ಇಂದು ಮನೆಗಳಿಗೆ ಮಾರಾಟವಾಗುವ ಫೈಬರ್ ಯೋಜನೆಗಳು ಇದರ ಹತ್ತಾರು ಪಟ್ಟು ವೇಗ ಕೊಡುತ್ತವೆ. ಆದ್ದರಿಂದ ಹೆಚ್ಚಿನ ಮನೆಗಳಲ್ಲಿ ಕೊರತೆ ಇರುವುದು ಹೊರಗಿನ ಸಂಪರ್ಕದಲ್ಲಲ್ಲ, ಒಳಗಿನ ಹಂಚಿಕೆಯಲ್ಲಿ.

ಇದನ್ನು ಪರೀಕ್ಷಿಸುವುದು ಸುಲಭ. ಲ್ಯಾಪ್‌ಟಾಪನ್ನು ತಂತಿಯ ಮೂಲಕ ರೂಟರ್‌ಗೆ ಜೋಡಿಸಿ ವೇಗ ಅಳೆಯಬೇಕು. ಬಳಿಕ ತಂತಿ ತೆಗೆದು, ಅದೇ ಕೋಣೆಯಲ್ಲಿ ವೈ-ಫೈ ಮೂಲಕ, ಆಮೇಲೆ ಹಿಂದಿನ ಕೋಣೆಯಲ್ಲಿ ಅಳೆಯಬೇಕು. ತಂತಿಯಲ್ಲಿ ಪೂರ್ಣ ವೇಗವಿದ್ದು ಹಿಂದಿನ ಕೋಣೆಯಲ್ಲಿ ಕುಸಿದರೆ, ದುಬಾರಿ ಯೋಜನೆಗೆ ಬದಲಾಯಿಸುವುದರಿಂದ ಪ್ರಯೋಜನವಿಲ್ಲ. ತಂತಿಯಲ್ಲೇ ವೇಗ ಕಡಿಮೆಯಿದ್ದರೆ ಮಾತ್ರ ಸೇವಾದಾರರಿಗೆ ದೂರು ನೀಡಬೇಕು. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಮೆಗಾಬಿಟ್ ಎಂಬುದು ಇಲ್ಲಿ ನೆನಪಿರಲಿ. ಕಡತ ಇಳಿಸಿಕೊಳ್ಳುವಾಗ ಪರದೆಯಲ್ಲಿ ಕಾಣುವುದು ಮೆಗಾಬೈಟ್ ಲೆಕ್ಕ. ಅದು ಗರಿಷ್ಠ 12.5ರ ಆಸುಪಾಸಿನಲ್ಲಿರುತ್ತದೆ.

ವೈ-ಫೈ ಮುಖ್ಯವಾಗಿ ಎರಡು ತರಂಗಪಟ್ಟಿಗಳಲ್ಲಿ ಸಾಗುತ್ತದೆ. 2.4 ಗಿಗಾಹರ್ಟ್ಸ್ ಗೋಡೆಗಳನ್ನು ತಕ್ಕಮಟ್ಟಿಗೆ ದಾಟುತ್ತದೆ, ಆದರೆ ನಿಧಾನ. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಎಂಬ ಮೂರೇ ಆದ್ದರಿಂದ ಅಪಾರ್ಟ್‌ಮೆಂಟ್‌ಗಳಲ್ಲಿ ಸಂದಣಿಯಾಗುತ್ತದೆ. 5 ಗಿಗಾಹರ್ಟ್ಸ್ ವೇಗವಾದದ್ದು, ಚಾನೆಲ್‌ಗಳೂ ಹೆಚ್ಚು, ಆದರೆ ದಪ್ಪ ಗೋಡೆಗೆ ಬೇಗ ಸೋಲುತ್ತದೆ. 6 ಗಿಗಾಹರ್ಟ್ಸ್ ಪಟ್ಟಿಯ ಕೆಳಭಾಗವನ್ನು ಪರವಾನಗಿಯಿಲ್ಲದ ಬಳಕೆಗೆ ತೆರೆಯುವ ಕರಡು ನಿಯಮಗಳನ್ನು ದೂರಸಂಪರ್ಕ ಇಲಾಖೆ 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ಈ ಪಟ್ಟಿ ಗೋಡೆ ದಾಟುವುದರಲ್ಲಿ 5 ಗಿಗಾಹರ್ಟ್ಸ್‌ಗಿಂತಲೂ ದುರ್ಬಲ. ‘ವೈ-ಫೈ 7’ ಎಂದು ಮಾರುವ ಎಲ್ಲ ರೂಟರ್‌ಗಳಲ್ಲಿ 6 ಗಿಗಾಹರ್ಟ್ಸ್ ಇರುವುದಿಲ್ಲ. ಪೆಟ್ಟಿಗೆಯ ಮೇಲಿನ ವಿವರ ಓದದೆ ಹಣ ಕೊಡಬಾರದು. ಮನೆಬಳಕೆಗೆ ವೈ-ಫೈ 6 ಧಾರಾಳವಾಗಿ ಸಾಕು.

ರೂಟರ್ ಇಡುವ ಜಾಗ ಅದರ ಬೆಲೆಗಿಂತ ಮುಖ್ಯ. ಫೈಬರ್ ಜೋಡಿಸಲು ಬಂದವರು ಬಾಗಿಲ ಬಳಿಯ ಮೂಲೆಯಲ್ಲಿ ಪೆಟ್ಟಿಗೆ ಸಿಕ್ಕಿಸಿ ಹೋಗುವುದು ವಾಡಿಕೆ. ಅದನ್ನು ಮನೆಯ ನಡುಭಾಗಕ್ಕೆ, ಎದೆಯೆತ್ತರಕ್ಕಿಂತ ಮೇಲೆ ಇಡುವಂತೆ ಆರಂಭದಲ್ಲೇ ಕೇಳಬೇಕು. ಉಕ್ಕಿನ ಬೀರು, ದೊಡ್ಡ ಕನ್ನಡಿ, ಫ್ರಿಜ್, ಮೀನಿನ ತೊಟ್ಟಿ ಇವುಗಳ ಹಿಂದೆ ಇಡಬಾರದು.

ಇಷ್ಟಾದರೂ ಹಿಂದಿನ ಕೋಣೆಗೆ ತಲುಪದಿದ್ದರೆ ಉಳಿದ ಖಚಿತ ದಾರಿ ತಂತಿ. ಕ್ಯಾಟ್ 6 ಕೇಬಲ್ ಒಂದು ಗಿಗಾಬಿಟ್ ವೇಗವನ್ನು 100 ಮೀಟರ್‌ವರೆಗೆ ಒಯ್ಯಬಲ್ಲದು. ಯಾವುದೇ ಬಂಗಲೆಗೆ ಇದು ಸಾಕು. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯದೆ, ನೆಲದಂಚಿನ ಉದ್ದಕ್ಕೂ ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿಯೊಳಗೆ ಎಳೆಯಬಹುದು. ಹಿಂದಿನ ಕೋಣೆಯಲ್ಲಿ ಈ ತಂತಿಯ ತುದಿಗೆ ಎರಡನೆಯ ವೈ-ಫೈ ಪೆಟ್ಟಿಗೆ ಜೋಡಿಸಿದರೆ ಸಮಸ್ಯೆ ಮುಗಿಯಿತು. ತಂತಿಯಿಲ್ಲದ ಮೆಶ್ ಪೆಟ್ಟಿಗೆಗಳು ದಪ್ಪ ಗೋಡೆಯ ಮನೆಗಳಲ್ಲಿ ನಿರಾಸೆ ಉಂಟುಮಾಡುವುದೇ ಹೆಚ್ಚು. ಅವು ಪರಸ್ಪರ ಮಾತನಾಡಬೇಕಾದದ್ದೂ ಅದೇ ಗೋಡೆಯ ಮೂಲಕವೇ.

ಕೇಬಲ್ ವಿಷಯದಲ್ಲಿ ಎರಡು ಎಚ್ಚರಿಕೆ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ಕೇಬಲ್ ಅಗ್ಗವಾದರೂ ಬಾಳಿಕೆ ಬರುವುದಿಲ್ಲ. ಅಪ್ಪಟ ತಾಮ್ರದ್ದನ್ನೇ ಕೇಳಬೇಕು. ಎರಡನೆಯದು, ಒಂದು ಗಿಗಾಬಿಟ್ ವೇಗಕ್ಕೆ ಕೇಬಲ್‌ನ ಎಂಟೂ ಎಳೆಗಳು ಜೋಡಣೆಯಾಗಬೇಕು. ನಾಲ್ಕೇ ಎಳೆ ಜೋಡಿಸಿದರೂ ಸಂಪರ್ಕ ಬರುತ್ತದೆ, ಆದರೆ 100 ಎಂಬಿಪಿಎಸ್ ದಾಟುವುದಿಲ್ಲ.

ಜೋಡಣೆಯಾದ ದಿನವೇ ರೂಟರ್‌ನ ಕಾರ್ಖಾನೆಯ ಗುಪ್ತಪದವನ್ನು ಬದಲಿಸಿ, ಡಬ್ಲ್ಯುಪಿಎ 2 ಅಥವಾ 3 ಭದ್ರತೆ ಅಳವಡಿಸಬೇಕು. ಅತಿಥಿಗಳಿಗೆ ಹಾಗೂ ಸಿಸಿಟಿವಿ ಕ್ಯಾಮೆರಾಗಳಿಗೆ ಪ್ರತ್ಯೇಕ ‘ಗೆಸ್ಟ್’ ಜಾಲ ಇರುವುದು ಒಳ್ಳೆಯದು.

ಪರದೆ: ಕನ್ನಡ ಓದುವ ಕಣ್ಣಿಗೆ

ಮಾನಿಟರ್ ಆಯ್ಕೆಯಲ್ಲಿ ಜಾಹೀರಾತುಗಳು ಇಂಚಿನ ಲೆಕ್ಕ ಹೇಳುತ್ತವೆ. ಓದುವವರಿಗೆ ಮುಖ್ಯವಾದದ್ದು ಒಂದು ಇಂಚಿನಲ್ಲಿ ಎಷ್ಟು ಚುಕ್ಕೆಗಳಿವೆ ಎಂಬುದು. 1920×1080 ಚುಕ್ಕೆಗಳ ಪರದೆ 24 ಇಂಚಿನದಾದರೆ ಇಂಚಿಗೆ ಸುಮಾರು 92 ಚುಕ್ಕೆ. ಅದೇ ಚುಕ್ಕೆಗಳನ್ನು 27 ಇಂಚಿಗೆ ಹಿಗ್ಗಿಸಿದರೆ 82ಕ್ಕೆ ಇಳಿಯುತ್ತದೆ. 27 ಇಂಚಿನ 2560×1440 ಪರದೆಯಲ್ಲಿ ಸುಮಾರು 109, 27 ಇಂಚಿನ 4ಕೆ ಪರದೆಯಲ್ಲಿ 163 ಚುಕ್ಕೆಗಳಿರುತ್ತವೆ.

ಇಂಗ್ಲಿಷ್ ಅಕ್ಷರಗಳಿಗೆ 82 ಚುಕ್ಕೆ ಹೇಗೋ ಸಾಕಾದೀತು. ಕನ್ನಡದಲ್ಲಿ ಹಾಗಲ್ಲ. ‘ದ’ ಮತ್ತು ‘ಧ’, ‘ಬ’ ಮತ್ತು ‘ಭ’ ಅಕ್ಷರಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೀಟು ಮಾತ್ರ. ಒತ್ತಕ್ಷರಗಳು ಮೂಲಾಕ್ಷರಕ್ಕಿಂತ ಚಿಕ್ಕದಾಗಿ ಕೆಳಗೆ ಕುಳಿತಿರುತ್ತವೆ. ಚುಕ್ಕೆಗಳು ಕಡಿಮೆಯಾದಾಗ ಮೊದಲು ಮಸುಕಾಗುವುದು ಇವೇ. ಆದ್ದರಿಂದ ಅಂಗಡಿಯಲ್ಲಿ ಬಣ್ಣಬಣ್ಣದ ಪ್ರಾತ್ಯಕ್ಷಿಕೆ ವಿಡಿಯೊ ನೋಡಿ ಮರುಳಾಗದೆ, ಒಂದು ಕನ್ನಡ ಪತ್ರಿಕೆಯ ಪುಟ ತೆರೆಯಲು ಹೇಳಬೇಕು. ‘ಸ್ವಾತಂತ್ರ್ಯ’, ‘ರಾಷ್ಟ್ರ’, ‘ವಿದ್ಯಾರ್ಥಿ’ ಮುಂತಾದ ಪದಗಳನ್ನು ಒಂದು ತೋಳಿನಷ್ಟು ದೂರದಿಂದ ಕಣ್ಣು ಕಿರಿದಾಗಿಸದೆ ಓದಲು ಸಾಧ್ಯವಾದರೆ ಆ ಪರದೆ ಯೋಗ್ಯ. ಮನೆಯಲ್ಲಿ ಹೆಚ್ಚು ಓದುವವರು ಹಿರಿಯರಾದರೆ ಅವರನ್ನೇ ಕರೆದೊಯ್ಯುವುದು ಉತ್ತಮ. 4ಕೆ ಪರದೆಯಲ್ಲಿ ಅಕ್ಷರ ಗಾತ್ರವನ್ನು ಶೇ 150ಕ್ಕೆ ಹಿಗ್ಗಿಸಿದರೂ ಅಂಚುಗಳು ಸ್ಫುಟವಾಗಿಯೇ ಇರುತ್ತವೆ.

ಐಪಿಎಸ್ ಪರದೆಗಳನ್ನು ಓರೆಯಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ವಿಎ ಪರದೆಗಳಲ್ಲಿ ಕಪ್ಪು ಬಣ್ಣ ಗಾಢ. ಓಎಲ್‌ಇಡಿ ಚಿತ್ರಕ್ಕೆ ಶ್ರೇಷ್ಠವಾದರೂ, ದಿನವಿಡೀ ಒಂದೇ ಕಡೆ ನಿಲ್ಲುವ ಪಟ್ಟಿಗಳಿಂದ ಕಾಲಕ್ರಮದಲ್ಲಿ ಕಲೆ ಉಳಿಯುವ ಸಾಧ್ಯತೆ ಇದೆ. ಕಚೇರಿ ಕೆಲಸ ಹಾಗೂ ಓದಿಗೆ ಐಪಿಎಸ್ ಸಾಕು. 4ಕೆ ಪರದೆ ಕೊಳ್ಳುವವರು ಹಳೆಯ ಕಂಪ್ಯೂಟರ್‌ನ ಎಚ್‌ಡಿಎಂಐ 1.4 ಕಿಂಡಿ ಸೆಕೆಂಡಿಗೆ 30 ಚಿತ್ರಗಳನ್ನಷ್ಟೇ ಕಳಿಸಬಲ್ಲದು ಎಂಬುದನ್ನು ಅರಿತಿರಬೇಕು. 60ಕ್ಕೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ ಬೇಕು. 32 ಇಂಚಿಗಿಂತ ದೊಡ್ಡ ಟಿವಿ ಮತ್ತು ಮಾನಿಟರ್‌ಗಳ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿಸಲಾಯಿತು.

ಕಂಪ್ಯೂಟರ್: ಹೊಸದೋ, ಹಳೆಯದೋ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಹೆಸರು ನೋಂದಾಯಿಸಿದ ಗೃಹಬಳಕೆದಾರರಿಗೆ ಒಂದು ವರ್ಷದ ಭದ್ರತಾ ವಿಸ್ತರಣೆಯನ್ನು ಸಂಸ್ಥೆ ಪ್ರಕಟಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಹಾಗೂ ಸ್ಥೂಲವಾಗಿ ಇಂಟೆಲ್‌ನ 8ನೇ ತಲೆಮಾರು ಇಲ್ಲವೇ ಅದರ ನಂತರದ ಪ್ರೊಸೆಸರ್ ಅಗತ್ಯ. ಹಳೆಯ ಯಂತ್ರವಿರುವವರು ಗಾಬರಿಯಿಂದ ಹೊಸದಕ್ಕೆ ಧಾವಿಸಬೇಕಾಗಿಲ್ಲ. ಹಾರ್ಡ್‌ಡಿಸ್ಕ್ ಬದಲಿಗೆ ಎಸ್‌ಎಸ್‌ಡಿ ಅಳವಡಿಸಿ, ಉಚಿತವಾಗಿ ದೊರೆಯುವ ಲಿನಕ್ಸ್ ಹಾಕಿದರೆ ಬ್ರೌಸರ್, ಇ-ಮೇಲ್, ವಿಡಿಯೊ ಕರೆಗಳಿಗೆ ಇನ್ನೂ ಕೆಲವು ವರ್ಷ ಬಾಳುತ್ತದೆ. ಆದರೆ ಬ್ಯಾಂಕಿಂಗ್ ವ್ಯವಹಾರಕ್ಕೆ ಭದ್ರತಾ ನವೀಕರಣವಿಲ್ಲದ ಯಂತ್ರವನ್ನು ಬಳಸುವುದು ಅಪಾಯ.

ಹೊಸದನ್ನು ಕೊಳ್ಳುವವರು 16 ಜಿಬಿ ಮೆಮೊರಿ, 512 ಜಿಬಿ ಎಸ್‌ಎಸ್‌ಡಿ ಗುರಿಯಾಗಿಟ್ಟುಕೊಳ್ಳಬಹುದು. 2025ರ ಕೊನೆಯಲ್ಲಿ ಜಗತ್ತಿನಾದ್ಯಂತ ಮೆಮೊರಿ ಬೆಲೆ ಏರಿದ್ದರಿಂದ, ಮುಂದೆ ಮೆಮೊರಿ ಸೇರಿಸಲು ಖಾಲಿ ಸ್ಲಾಟ್ ಇರುವ ಮಾದರಿಗೆ ಹೆಚ್ಚು ಮಹತ್ವ ಬಂದಿದೆ. ತೆಳುವಾದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಬೆಸುಗೆ ಹಾಕಲಾಗಿರುತ್ತದೆ, ಬದಲಿಸಲಾಗದು. ಕನ್ನಡ ಟೈಪಿಂಗ್‌ಗೆ ಪ್ರತ್ಯೇಕ ಖರೀದಿ ಬೇಕಿಲ್ಲ. ವಿಂಡೋಸ್‌ನಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸದೊಂದಿಗೆ 2019ರಿಂದ ಧ್ವನ್ಯಾತ್ಮಕ ಕೀಲಿಮಣೆಯೂ ಇದೆ. ನುಡಿ ಮತ್ತು ಬರಹದ ಹಳೆಯ ಅಕ್ಷರಶೈಲಿಗಳಲ್ಲಿ ಕಡತಗಳಿರುವವರು ಹಳೆಯ ಯಂತ್ರ ಬಿಡುವ ಮುನ್ನ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಎಲ್ಲಿ ಕೊಳ್ಳುವುದು, ಹಳೆಯದನ್ನೇನು ಮಾಡುವುದು

ಬಿಡಿಭಾಗಗಳಿಗೆ ಪುರಭವನದ ಸಮೀಪದ ಸಾದರ ಪತ್ರಪ್ಪ ರಸ್ತೆ, ಅಂದರೆ ಎಸ್.ಪಿ. ರಸ್ತೆ ಹೆಸರುವಾಸಿ. ಅಲ್ಲಿ ಕೊಳ್ಳುವಾಗ ಜಿಎಸ್‌ಟಿ ರಸೀದಿ ಪಡೆದು, ಅದರಲ್ಲಿ ಸೀರಿಯಲ್ ಸಂಖ್ಯೆ ಬರೆಸಬೇಕು. ಲ್ಯಾಪ್‌ಟಾಪ್, ಮಾನಿಟರ್, ಅಡಾಪ್ಟರ್‌ಗಳ ಮೇಲೆ ಭಾರತೀಯ ಮಾನಕ ಬ್ಯೂರೋದ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಬೇಕು.

ಕೆಟ್ಟ ಉಪಕರಣಗಳನ್ನು ಕಸದೊಂದಿಗೆ ಬಿಸಾಡುವಂತಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅವುಗಳ ಮರುಬಳಕೆಯ ಹೊಣೆ ಉತ್ಪಾದಕರ ಮೇಲಿದೆ. ನೋಂದಾಯಿತ ಮರುಬಳಕೆದಾರರಿಗೇ ಅವನ್ನು ಒಪ್ಪಿಸಬೇಕು. ಅದಕ್ಕೂ ಮುನ್ನ ಡಿಸ್ಕ್‌ನಲ್ಲಿರುವ ಮಾಹಿತಿಯನ್ನು ಪೂರ್ಣವಾಗಿ ಅಳಿಸಬೇಕು.

ಖರೀದಿಯ ಕ್ರಮ, ಒಂದು ನೋಟದಲ್ಲಿ

1. ಅರ್ಥಿಂಗ್ ಪರೀಕ್ಷೆ, ರೂಟರ್‌ಗೆ ಪುಟ್ಟ ಯುಪಿಎಸ್.
2. ತಂತಿಯಲ್ಲಿ ಮತ್ತು ಪ್ರತಿ ಕೋಣೆಯಲ್ಲಿ ವೇಗದ ಅಳತೆ.
3. ರೂಟರ್ ಸ್ಥಳ ಬದಲಾವಣೆ, ಅಗತ್ಯವಿದ್ದರೆ ಕ್ಯಾಟ್ 6 ಕೇಬಲ್.
4. ಕನ್ನಡ ಪುಟ ಓದಿ ಪರೀಕ್ಷಿಸಿದ ಪರದೆ.
5. ಹಳೆಯ ಯಂತ್ರ ಸಾಲದೆಂದು ಖಚಿತವಾದ ಮೇಲೆ ಹೊಸ ಕಂಪ್ಯೂಟರ್.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಇಲ್ಲಿಗೂ ಸಲ್ಲುತ್ತದೆ. ಮೊದಲ ಮೂರು ಹೆಜ್ಜೆಗಳ ಖರ್ಚು ಹೊಸ ಲ್ಯಾಪ್‌ಟಾಪ್‌ನ ಬೆಲೆಯ ಒಂದು ಸಣ್ಣ ಪಾಲು. ಅನೇಕ ಮನೆಗಳಲ್ಲಿ ಐದನೆಯ ಹೆಜ್ಜೆಯ ಅಗತ್ಯವೇ ಬೀಳುವುದಿಲ್ಲ.