ಉಪ್ಪಿನ ರಾಶಿಗೆ ಸರಕಾರದ ಕಾವಲು

ಮೇ ತಿಂಗಳ ಕೊನೆಯ ವಾರ ಅಂಕೋಲೆಯ ಪೇಟೆಗೋ ಕಾರವಾರದ ಪೇಟೆಗೋ ಹೋದವರ ಕಣ್ಣಿಗೆ ಎರಡು ರಾಶಿಗಳು ಬೀಳದೆ ಇರುವುದಿಲ್ಲ. ಒಂದು ಒಣಮೀನಿನದು, ಇನ್ನೊಂದು ಹರಳುಪ್ಪಿನದು. ಮಳೆ ಹಿಡಿಯಿತೆಂದರೆ ಯಾಂತ್ರಿಕ ದೋಣಿಗಳು ದಡ ಸೇರುತ್ತವೆ, ಉಪ್ಪಿನಾಗರಗಳಲ್ಲಿ ನೀರು ತುಂಬುತ್ತದೆ. ಅದಕ್ಕೆ ಮುಂಚೆಯೇ ಕರಾವಳಿಯ ಮನೆಗಳು ಮಳೆಗಾಲದ ಸಾಮಾನು ಕೂಡಿಸಿಕೊಳ್ಳುತ್ತವೆ. ಉಪ್ಪಿನ ಗೋಣಿಯನ್ನು ಚೌಕಾಶಿ ಮಾಡಿ ಕೊಂಡು, ರಿಕ್ಷಾದ ಹಿಂದೆ ಒಗೆದು ಮನೆಗೆ ಒಯ್ಯುವುದನ್ನು ನೋಡಿದರೆ, ಇಷ್ಟು ಅಗ್ಗದ ವಸ್ತುವಿಗೆ ಒಂದು ಇತಿಹಾಸವಿದೆ ಎಂದು ಯಾರಿಗೂ ಅನಿಸದು.

ಆದರೆ ಈ ರಾಶಿಗೆ ಒಂದು ಕಾಲದಲ್ಲಿ ಕಾವಲಿತ್ತು. ಇದೇ ಅಂಕೋಲೆಯ ಹಿನ್ನೀರಿನ ದಂಡೆಯಲ್ಲಿ ಬಿಸಿಲಿಗೆ ತಾನಾಗಿ ಹರಳುಗಟ್ಟಿದ ಉಪ್ಪನ್ನು ಹೆಣ್ಣುಮಗಳೊಬ್ಬಳು ಚಿಪ್ಪಿನಿಂದ ಕೆರೆದು ಸೆರಗಿಗೆ ಕಟ್ಟಿಕೊಂಡರೆ ಅದು ಅಪರಾಧವಾಗುತ್ತಿತ್ತು. ಉಪ್ಪು ಬೇಯಿಸಲು ಒಲೆ ಹೂಡಬೇಕೆಂದೇನೂ ಇರಲಿಲ್ಲ. ಬ್ರಿಟಿಷರ ಉಪ್ಪಿನ ಕಾನೂನಿನ ಕಣ್ಣಿನಲ್ಲಿ ನೆಲದ ಮೇಲಿನ ಉಪ್ಪನ್ನು ಎತ್ತಿಕೊಳ್ಳುವುದೂ ಉಪ್ಪಿನ ತಯಾರಿಕೆಯೇ.

ಈ ಕಾನೂನು ಇಲ್ಲಿಯವರಿಗೆ ಏಕೆ ಅಷ್ಟು ನೋವುಂಟುಮಾಡಿತು ಎಂದು ತಿಳಿಯಲು ನೆಲದ ಲಕ್ಷಣವನ್ನು ನೋಡಬೇಕು. ಕಾರವಾರದಲ್ಲಿ ಕಾಳಿ, ಅಂಕೋಲೆಯ ದಕ್ಷಿಣಕ್ಕೆ ಗಂಗಾವಳಿ, ಕುಮಟೆಯ ಬಳಿ ಅಘನಾಶಿನಿ. ಈ ನದಿಗಳ ಬಾಯಲ್ಲಿ ಭರತದ ನೀರು ಮೈಲುಗಟ್ಟಲೆ ಒಳಕ್ಕೆ ನುಗ್ಗುತ್ತದೆ. ಆ ನೀರು ಹೋಗಿಬರುವ ತಗ್ಗುಭೂಮಿಯೇ ಗಜನಿ. ಮಳೆಗಾಲದಲ್ಲಿ ಅದರಲ್ಲಿ ಉಪ್ಪುನೀರನ್ನು ತಡೆಯುವ ಕಗ್ಗ ಭತ್ತ, ಉಳಿದ ಕಾಲದಲ್ಲಿ ಮೀನು, ಸಿಗಡಿ. ಕಡುಬೇಸಿಗೆಯಲ್ಲಿ ದಂಡೆಯ ಮಣ್ಣಿನ ಮೇಲೆ ಬಿಳಿಯ ಪೊರೆ. ಪ್ರಕೃತಿಯೇ ಮನೆಬಾಗಿಲಿಗೆ ತಂದಿಟ್ಟ ಈ ಬಿಳಿಯ ಪೊರೆಯನ್ನು ಮುಟ್ಟಬಾರದು, ಸುಂಕ ಕೊಟ್ಟು ಅಂಗಡಿಯಿಂದಲೇ ತರಬೇಕು ಎಂದರೆ ಯಾರಿಗೆ ತಾನೆ ಸಿಟ್ಟು ಬಾರದು?

ಟಿಪ್ಪು ಸುಲ್ತಾನನ ಪತನದ ನಂತರ, 1799ರಲ್ಲಿ, ಕೆನರಾ ಪ್ರಾಂತ್ಯ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ ಮದರಾಸಿನ ಆಡಳಿತಕ್ಕೆ ಒಳಪಟ್ಟಿತು. ಮದರಾಸು ಸರಕಾರ 1805ರಲ್ಲಿ ಉಪ್ಪಿನ ವ್ಯಾಪಾರವನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿದಾಗ ಪದ್ಧತಿ ಬೇರೆಯಾಯಿತು. ಮುಂಬಯಿಯಲ್ಲಿ ಆಗರ ಖಾಸಗಿಯವರದ್ದಾಗಿರಬಹುದು, ಆದರೆ ಉಪ್ಪು ಆಗರದಿಂದ ಹೊರಬೀಳುವಾಗ ಸುಂಕ ಕಕ್ಕಬೇಕು. ಗೋಕರ್ಣದ ಬಳಿಯ ಸಾಣಿಕಟ್ಟೆ ಈ ಜಿಲ್ಲೆಯ ಮುಖ್ಯ ಉಪ್ಪಿನ ಠಾಣೆ. ಸುಂಕ ತಪ್ಪದಿರಬೇಕಾದರೆ ರಾಶಿಗೆ ಕಾವಲು ಬೇಕು, ಲೆಕ್ಕಕ್ಕೆ ಗುಮಾಸ್ತ ಬೇಕು, ದಂಡೆ ಸುತ್ತಲು ಸಿಪಾಯಿ ಬೇಕು. ಹೀಗೆ ಒಂದು ಇಲಾಖೆಯೇ ಬೆಳೆಯಿತು.

ಈ ಇಲಾಖೆಗೆ ದೊಡ್ಡ ತಲೆನೋವು ಕಾರವಾರದ ಗಡಿ. ಮಾಜಾಳಿ ದಾಟಿದರೆ ಪೋರ್ಚುಗೀಸರ ಗೋವೆ. ಅಲ್ಲಿ ಮಿಠಾಗರಗಳು ಬೇಕಾದಷ್ಟು, ಉಪ್ಪು ಅಗ್ಗ. ರಾತ್ರಿ ಹೊತ್ತು ತಲೆಹೊರೆಯಲ್ಲಿಯೋ ದೋಣಿಯಲ್ಲಿಯೋ ಬರುವ ಉಪ್ಪನ್ನು ಎಷ್ಟು ಚೌಕಿಗಳು ತಡೆದಾವು? ಕೊನೆಗೆ ಬ್ರಿಟಿಷರು ಕಂಡುಕೊಂಡ ಉಪಾಯ ವಿಚಿತ್ರವಾದದ್ದು. ಗಡಿ ಕಾಯುವುದರ ಬದಲು ನೆರೆಯವನ ಆಗರವನ್ನೇ ಕಾಯುವುದು! 1878ರ ಡಿಸೆಂಬರಿನಲ್ಲಿ ಸಹಿಯಾದ ಬ್ರಿಟಿಷ್-ಪೋರ್ಚುಗೀಸ್ ಒಪ್ಪಂದದಂತೆ ಗೋವೆಯ ಉಪ್ಪಿನ ಉತ್ಪಾದನೆ ಬ್ರಿಟಿಷರ ಹತೋಟಿಗೆ ಬಂತು. ಅದಕ್ಕೆ ಪ್ರತಿಯಾಗಿ ಗೋವೆಯ ಸರಕಾರಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ. ಮರ್ಮಗೋವೆಯ ರೈಲು ಹುಟ್ಟಿದ್ದೂ ಇದೇ ಒಪ್ಪಂದದಿಂದ. ಹನ್ನೆರಡು ವರ್ಷದ ಈ ಕರಾರು 1892ರಲ್ಲಿ ಮುಗಿದ ಮೇಲೆ ಚೌಕಿಗಳು ಮತ್ತೆ ತಲೆ ಎತ್ತಿದವು.

ಉಪ್ಪಿನ ಸುಂಕದ ವಿಚಾರ ಬಂದಾಗ ನಾವು ಸಾಮಾನ್ಯವಾಗಿ ಗಂಜಿಗೆ ಹಾಕುವ ಉಪ್ಪನ್ನಷ್ಟೇ ನೆನೆಯುತ್ತೇವೆ. ಕರಾವಳಿಯಲ್ಲಿ ಅದಕ್ಕಿಂತ ದೊಡ್ಡ ಖರ್ಚು ಮೀನಿನದು. ಬಂಗಡೆ, ತಾರಲೆ ರಾಶಿಗಟ್ಟಲೆ ಸಿಕ್ಕ ದಿನ ಉಪ್ಪು ಇಲ್ಲದಿದ್ದರೆ ಅದು ಗೊಬ್ಬರವೇ. ಮುಂಚೆ ಬಡ ಮೀನುಗಾರರು ದಂಡೆಯ ಉಪ್ಪುಮಣ್ಣನ್ನೇ ಬಳಸಿ ಮೀನು ಒಣಗಿಸುತ್ತಿದ್ದರು. ಆ ಮಣ್ಣೂ ಕಾನೂನಿನ ಬಲೆಗೆ ಬಿದ್ದಾಗ ಅವರ ಗತಿ ಏನಾಯಿತೆಂಬುದನ್ನು ಮೊದಲು ಕಾಗದದ ಮೇಲೆ ಹಾಕಿದವನು ಸರಕಾರದ ಒಬ್ಬ ಅಧಿಕಾರಿಯೇ ಎಂಬುದು ಗಮನಿಸಬೇಕಾದ ಸಂಗತಿ. ಫ್ರಾನ್ಸಿಸ್ ಡೇ ವೃತ್ತಿಯಿಂದ ವೈದ್ಯ, ಪ್ರವೃತ್ತಿಯಿಂದ ಮೀನುಗಳ ವಿಜ್ಞಾನಿ. ಭಾರತದ ಮತ್ತು ಬರ್ಮಾದ ಕಡಲ ಮೀನುಗಾರಿಕೆಯನ್ನು ಕುರಿತ ಅವನ ವರದಿ 1873ರಲ್ಲಿ ಹೊರಬಂತು. ಉಪ್ಪಿನ ತೆರಿಗೆಯೇ ಮೀನು ಒಣಗಿಸುವ ಕಸುಬಿನ ಕುತ್ತಿಗೆ ಹಿಸುಕುತ್ತಿದೆ ಎಂಬುದನ್ನು ಅವನು ಮುಚ್ಚಿಡಲಿಲ್ಲ. ಸರಕಾರದ ಖಜಾನೆಗೆ ಬೇಡವಾದ ಮಾತನ್ನು ಸರಕಾರದ ಸಂಬಳ ತಿನ್ನುವವನು ಬರೆದ ಉದಾಹರಣೆಗಳು ಆಗಲೂ ಕಡಿಮೆ, ಈಗಲೂ ಕಡಿಮೆ.

ಆಮೇಲೆ ಬಂದದ್ದು ಮೀನು ಒಣಗಿಸುವ ಸರಕಾರಿ ಅಂಗಳಗಳು. ಮೊದಲು ಮದರಾಸು ಪ್ರಾಂತ್ಯದಲ್ಲಿ, ನಂತರ ಮುಂಬಯಿಯ ರತ್ನಾಗಿರಿ ಮತ್ತು ಕೆನರಾ ಜಿಲ್ಲೆಗಳಲ್ಲಿ ಇವು ತೆರೆದವು. ಸುತ್ತ ಬೇಲಿ, ಒಳಗೆ ಇಲಾಖೆಯ ನೌಕರ. ಬೇಲಿಯ ಒಳಗೆ ಮೀನಿಗೆ ಸುಂಕವಿಲ್ಲದ ಉಪ್ಪು ಸಿಗುತ್ತದೆ, ಆದರೆ ಅದರ ಒಂದು ಹಿಡಿಯೂ ಹೊರಗೆ ಹೋಗಬಾರದು. ಒಂದೇ ಆಗರದ ಉಪ್ಪು ಮೀನಿನ ಹೊಟ್ಟೆಗೆ ಹೋದರೆ ಒಂದು ದರ, ಮನುಷ್ಯನ ಹೊಟ್ಟೆಗೆ ಹೋದರೆ ಇನ್ನೊಂದು ದರ. ನಗು ಬರುವ ಏರ್ಪಾಡು. ಆದರೂ ಮೀನುಗಾರರ ಮಟ್ಟಿಗೆ ಇದು ಉಪಕಾರವೇ ಎಂದು ಒಪ್ಪಬೇಕು.

ಸುಂಕ ಎಷ್ಟಿತ್ತು? 1888ರಲ್ಲಿ ಮಣಕ್ಕೆ ಎರಡೂವರೆ ರೂಪಾಯಿ. ಮಣವೆಂದರೆ ಇಂದಿನ ಲೆಕ್ಕದಲ್ಲಿ 37 ಕಿಲೋಗಿಂತ ತುಸು ಹೆಚ್ಚು. ಅಂದರೆ ಕಿಲೋಗೆ ಸುಮಾರು ಒಂದಾಣೆ ಬರೀ ಸುಂಕ. 1903ರಿಂದ ಇಳಿಯುತ್ತ 1907ರಲ್ಲಿ ಒಂದು ರೂಪಾಯಿಗೆ ಬಂತು. ಮೊದಲ ಮಹಾಯುದ್ಧದ ಖರ್ಚಿಗೆಂದು 1916ರಲ್ಲಿ ಒಂದೂಕಾಲು ರೂಪಾಯಿಯಾಯಿತು. ಆಮೇಲೆ 1923. ಬಜೆಟ್ಟಿನ ಕೊರತೆ ತುಂಬಲು ಸುಂಕವನ್ನು ಮತ್ತೆ ಎರಡೂವರೆ ರೂಪಾಯಿಗೆ ಏರಿಸುವ ಸೂಚನೆಯನ್ನು ದಿಲ್ಲಿಯ ಕೇಂದ್ರ ಶಾಸನಸಭೆ ಸಾರಾಸಗಟಾಗಿ ತಳ್ಳಿಹಾಕಿತು. ವೈಸರಾಯ್ ಲಾರ್ಡ್ ರೀಡಿಂಗ್ ತನ್ನ ವಿಶೇಷಾಧಿಕಾರ ಬಳಸಿ, ಸಭೆಯ ಮತವನ್ನು ಬದಿಗೊತ್ತಿ ಅದನ್ನೇ ಜಾರಿಗೆ ತಂದ. ಮರುವರ್ಷ ಸುಂಕ ಹಳೆಯ ದರಕ್ಕೆ ಇಳಿಯಿತೆನ್ನಿ. ಆದರೆ ಸರಕಾರದ ಮೇಲೆ ಕಣ್ಣಿಡಲೆಂದು ಜನ ಆರಿಸಿ ಕಳಿಸಿದ ಸಭೆಗೆ ಹಿಡಿ ಉಪ್ಪಿನ ಮೇಲೂ ಅಧಿಕಾರವಿಲ್ಲ ಎಂಬುದು ಆ ವರ್ಷ ಬಯಲಾಯಿತು. ಏಳು ವರ್ಷಗಳ ನಂತರ ಗಾಂಧೀಜಿ ಉಪ್ಪನ್ನೇ ಆರಿಸಿಕೊಂಡದ್ದರ ಹಿಂದೆ ಈ ಕಹಿಯೂ ಇದ್ದಿರಬೇಕು ಎಂದು ನನಗೆ ತೋರುತ್ತದೆ.

1930ರ ಏಪ್ರಿಲ್ 6ರಂದು ದಾಂಡಿ. ಆ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ಹೆಜ್ಜೆ ಹಾಕಿದ ಕನ್ನಡಿಗ ಮೋಟೆಬೆನ್ನೂರಿನ ಮೈಲಾರ ಮಹಾದೇವ. ಒಂದು ವಾರ ಕಳೆದು ಏಪ್ರಿಲ್ 13ರಂದು ಅಂಕೋಲೆ. ಜಲಿಯನ್‌ವಾಲಾಬಾಗಿನ ದಿನವನ್ನೇ ಆರಿಸಿಕೊಂಡಿದ್ದರು. ಎಂ.ಪಿ. ನಾಡಕರ್ಣಿಯವರು ಸಾವಿರಾರು ಜನರ ಎದುರು ಉಪ್ಪಿನ ಕಾನೂನನ್ನು ಮುರಿದರು. ಕರ್ನಾಟಕದ ಉಪ್ಪಿನ ಸತ್ಯಾಗ್ರಹಕ್ಕೆ ಅಂಕೋಲೆ ಕೇಂದ್ರವಾಯಿತು. ಒಳನಾಡಿನ ಜಿಲ್ಲೆಗಳಿಂದ ಸ್ವಯಂಸೇವಕರು ಘಟ್ಟ ಇಳಿದು ಬಂದರು. ಅವರಲ್ಲಿ ಹಲವರಿಗೆ ಕಡಲನ್ನು ಕಂಡದ್ದೇ ಅದು ಮೊದಲ ಬಾರಿ ಇದ್ದೀತು. ಊರಿನವರಿಗೆ ಅದು ಹೊಸದಲ್ಲ. ಅಜ್ಜಿಯಂದಿರು ಕದ್ದು ಮಾಡುತ್ತಿದ್ದುದನ್ನು ಅವರು ಹಗಲಿನಲ್ಲಿ ಮಾಡಿದರು, ಅಷ್ಟೆ.

ಉಪ್ಪು ಬೇಯಿಸಿದ ಜನ ಅಲ್ಲಿಗೆ ನಿಲ್ಲಲಿಲ್ಲ. ಅಂಕೋಲಾ ಮತ್ತು ಸಿದ್ದಾಪುರ ತಾಲೂಕುಗಳಲ್ಲಿ ಚಳವಳಿ ಕರನಿರಾಕರಣೆಗೆ ತಿರುಗಿತು. ಅಂಕೋಲೆಯ ನಾಡವ ರೈತರು ಇದರ ಮುಂಚೂಣಿಯಲ್ಲಿದ್ದರು. ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಈ ತಾಲೂಕಿಗೆ ಬಂದದ್ದು ಆಗ. ಹೆಸರಿನ ಬೆಲೆ ದೊಡ್ಡದಿತ್ತು. ತೀರ್ವೆ ಕೊಡದವರ ಗದ್ದೆ ಜಪ್ತಿಯಾಯಿತು, ದನಕರು ಹರಾಜಾದವು, ಗಂಡಸರು ಜೈಲಿಗೆ ಹೋದ ಮನೆಗಳನ್ನು ಹೆಂಗಸರು ನಡೆಸಿದರು.

ಈ ನಡುವೆ 1931ರ ಮಾರ್ಚ್ 5ರ ಗಾಂಧಿ-ಇರ್ವಿನ್ ಒಪ್ಪಂದ. ಪಠ್ಯಪುಸ್ತಕಗಳು ಅದರ ಎರಡು ಕಲಮುಗಳನ್ನು ಬೇಗ ದಾಟಿಹೋಗುತ್ತವೆ, ಆದರೆ ಅಂಕೋಲೆಗೆ ಅವೇ ಮುಖ್ಯ. ಉಪ್ಪು ಸಿಗುವ ಜಾಗಕ್ಕೆ ತಾಗಿಕೊಂಡಿರುವ ಹಳ್ಳಿಗಳವರು ಮನೆಬಳಕೆಗೆ ಮತ್ತು ಅದೇ ಹಳ್ಳಿಯೊಳಗಿನ ಮಾರಾಟಕ್ಕೆ ಉಪ್ಪು ಮಾಡಿಕೊಳ್ಳಬಹುದು, ಹೊರಗಿನವರಿಗೆ ಮಾರುವಂತಿಲ್ಲ ಎಂಬುದು ಒಂದು. ಕಾನೂನು ಹಾಗೆಯೇ ಇತ್ತು, ಕಾವಲುಗಾರನಿಗೆ ಮಾತ್ರ ಕಣ್ಣು ಮುಚ್ಚಿಕೊಳ್ಳಲು ಹೇಳಿದಂತಾಯಿತು. ಇನ್ನೊಂದು ಕಲಮು ಕಠೋರವಾದದ್ದು. ಜಪ್ತಿಯಾದ ಸ್ಥಿರಾಸ್ತಿ ಮೂರನೆಯವರಿಗೆ ಮಾರಾಟವಾಗಿದ್ದರೆ ಅದು ಸರಕಾರದ ಮಟ್ಟಿಗೆ ಮುಗಿದ ವ್ಯವಹಾರ. ಗದ್ದೆ ಕಳೆದುಕೊಂಡವನು ತನ್ನದೇ ಗದ್ದೆಯಲ್ಲಿ ಬೇರೆಯವನು ನಾಟಿ ಮಾಡುವುದನ್ನು ನೋಡಬೇಕು. ಅದೇ ವರ್ಷದ ಕೊನೆಗೆ ಸರಕಾರ ಉಪ್ಪಿನ ಸುಂಕದ ಮೇಲೆ ಶೇಕಡಾ 25ರ ಮೇಲ್ತೆರಿಗೆಯನ್ನೂ ಹೇರಿತು. 1932ರಲ್ಲಿ ಕರನಿರಾಕರಣೆ ಮತ್ತೆ ಭುಗಿಲೆದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಗದ್ದೆಗಳ ಕಥೆ ಮುಗಿಯಲು ಚುನಾವಣೆ ಬರಬೇಕಾಯಿತು. 1937ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಬಿ.ಜಿ. ಖೇರ್ ಅವರ ಕಾಂಗ್ರೆಸ್ ಮಂತ್ರಿಮಂಡಲ ಬಂತು. ಚಳವಳಿಯಲ್ಲಿ ಮುಟ್ಟುಗೋಲಾದ ಜಮೀನುಗಳನ್ನು ಮೂಲ ಒಡೆಯರಿಗೆ ಮರಳಿಸಲು 1938ರಲ್ಲಿ ಕಾಯ್ದೆಯಾಯಿತು. 1923ರಲ್ಲಿ ಶಾಸನಸಭೆ ಕೈಕಟ್ಟಿ ಕುಳಿತದ್ದನ್ನು ಕಂಡ ತಲೆಮಾರೇ ಇದನ್ನೂ ಕಂಡಿತು. ಉಪ್ಪಿನ ಸುಂಕ ಮಾತ್ರ 1947ರ ಏಪ್ರಿಲಿನವರೆಗೆ ಉಳಿದಿತ್ತು. ಅದನ್ನು ತೆಗೆದುಹಾಕಿದ್ದು ಮಧ್ಯಂತರ ಸರಕಾರ, ಸ್ವಾತಂತ್ರ್ಯಕ್ಕೆ ನಾಲ್ಕೂವರೆ ತಿಂಗಳ ಮುಂಚೆ.

ಇಲ್ಲಿಗೆ ಕಥೆ ನಿಲ್ಲಿಸುವುದು ವಾಡಿಕೆ. ಆದರೆ ಉಪ್ಪಿನ ಮೇಲಿನ ಸರಕಾರದ ಕಣ್ಣು ಮುಚ್ಚಲಿಲ್ಲ. ನಮ್ಮ ಸಂವಿಧಾನದ ಏಳನೆಯ ಪರಿಶಿಷ್ಟದಲ್ಲಿ ಕೃಷಿ ರಾಜ್ಯದ ಪಟ್ಟಿಯಲ್ಲಿದೆ, ಮೀನುಗಾರಿಕೆಯೂ ಬಹುಮಟ್ಟಿಗೆ ರಾಜ್ಯದ್ದೇ. ಉಪ್ಪು ಮಾತ್ರ ಕೇಂದ್ರದ ಪಟ್ಟಿಯ 58ನೆಯ ಬಾಬು. ಒಂದೇ ಗಜನಿಯ ಭತ್ತ, ಮೀನುಗಳಿಗೆ ಬೆಂಗಳೂರನ್ನು ಕೇಳಬೇಕು, ಪಕ್ಕದ ಆಗರದ ಉಪ್ಪಿಗೆ ದಿಲ್ಲಿಯನ್ನು.

ಗಳಗಂಡ ರೋಗದ ತಡೆಗೆ 1962ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಅದಕ್ಕೆ ಆಧಾರ ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ನಡೆಸಿದ ಪ್ರಯೋಗ. ಅಯೋಡಿನ್ ಬೆರೆಸಿದ ಉಪ್ಪು ತಿಂದ ಊರುಗಳಲ್ಲಿ ಗಳಗಂಡ ಇಳಿಯಿತು. ಅದು ನಿಜವಾದ ಸಾಧನೆ. ಅಯೋಡಿನ್ ಇಲ್ಲದ ಉಪ್ಪನ್ನು ತಿನ್ನಲು ಮಾರಬಾರದೆಂಬ ನಿಷೇಧ 1998ರಲ್ಲಿ ದೇಶಕ್ಕೆಲ್ಲ ಜಾರಿಯಾಯಿತು. 2000ದಲ್ಲಿ ಹಿಂತೆಗೆದರು, 2006ರ ಮೇ ತಿಂಗಳಲ್ಲಿ ಮತ್ತೆ ತಂದರು. ಒಮ್ಮೆ ಬೇಕು, ಒಮ್ಮೆ ಬೇಡ, ಮತ್ತೊಮ್ಮೆ ಬೇಕು. ದೊಡ್ಡ ಕಾರಖಾನೆಗೆ ಇದು ಒಂದು ಯಂತ್ರದ ಪ್ರಶ್ನೆ. ಗಾಳಿ ಬಿಸಿಲು ನಂಬಿ, ಮರದ ಹಲಗೆಯಿಂದ ಉಪ್ಪು ಎಳೆಯುವ ಸಾಣಿಕಟ್ಟೆಯಂಥ ಆಗರಗಳಿಗೆ ಇದು ಹೊಟ್ಟೆಯ ಪ್ರಶ್ನೆ. ಕಡಲುಪ್ಪಿನಲ್ಲಿ ಅಯೋಡಿನ್ ತಾನಾಗಿ ಸಾಕಷ್ಟು ಇರುತ್ತದೆ ಎಂದು ಕರಾವಳಿಯಲ್ಲಿ ಹಲವರು ನಂಬಿದ್ದಾರೆ. ಅದು ಸರಿಯಲ್ಲ. ಆದರೆ ದಿನಾ ಮೀನು ತಿನ್ನುವವರಿಗೂ ಕಾಂಗ್ರಾದ ನಿಯಮವೇ ಏಕೆ ಎಂಬ ಅವರ ಪ್ರಶ್ನೆ ಉತ್ತರಕ್ಕೆ ಅರ್ಹವಾದದ್ದು.

ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈ ತಿಂಗಳಲ್ಲಿ ಬಂದ ತೀರ್ಪು ಕುತೂಹಲಕರವಾಗಿದೆ. ಅಯೋಡಿನ್ ಒಳ್ಳೆಯದೋ ಕೆಟ್ಟದ್ದೋ ಎಂಬುದಲ್ಲ, ಆಹಾರ ಕಲಬೆರಕೆ ತಡೆ ಕಾಯ್ದೆಯ ಕೆಳಗೆ ಇಂಥ ನಿಯಮ ಮಾಡುವ ಅಧಿಕಾರ ಸರಕಾರಕ್ಕೆ ಇದೆಯೇ ಎಂದು ನ್ಯಾಯಾಲಯ ಕೇಳಿತು. ಸಾದಾ ಉಪ್ಪು ಕಲಬೆರಕೆಯೂ ಅಲ್ಲ, ವಿಷವೂ ಅಲ್ಲ, ಆದ್ದರಿಂದ ನಿಯಮ ಕಾಯ್ದೆಯ ಮೇರೆ ಮೀರಿದೆ ಎಂದು ಹೇಳಿತು. ಆದರೂ ಜನರ ಆರೋಗ್ಯದ ದೃಷ್ಟಿಯಿಂದ ಆರು ತಿಂಗಳು ಅದನ್ನೇ ಮುಂದುವರಿಸಿ, ಸರಕಾರಕ್ಕೆ ಮರುವಿಚಾರಕ್ಕೆ ಕಾಲ ಕೊಟ್ಟಿತು. ಅಷ್ಟರಲ್ಲಿ ಹೊಸ ಆಹಾರ ಸುರಕ್ಷಾ ಕಾಯ್ದೆಯ ನಿಬಂಧನೆಗಳು ಬಂದವು, ನಿಷೇಧ ಅವುಗಳೊಳಗೆ ಸೇರಿಕೊಂಡಿತು. 1923ರ ವೈಸರಾಯನಿಗೆ ಇಂಥ ಪ್ರಶ್ನೆಗೆ ಉತ್ತರ ಕೊಡುವ ಕಷ್ಟ ಇರಲಿಲ್ಲ.

ಸುಂಕವನ್ನೂ ಅಯೋಡಿನ್ನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಒಂದು ಖಜಾನೆಗಾಗಿ ಬಂದದ್ದು, ಇನ್ನೊಂದು ಮಕ್ಕಳ ಬುದ್ಧಿ ಮಂದವಾಗದಿರಲೆಂದು ಬಂದದ್ದು. ಆದರೆ ಎರಡರಲ್ಲೂ ಚಿಕ್ಕ ಆಗರದವನನ್ನು ಯಾರೂ ಮುಂಚಿತವಾಗಿ ಕೇಳಲಿಲ್ಲ.

ಇಂದಿನ ನಿಬಂಧನೆಯಲ್ಲೂ ಒಂದು ಬೇಲಿ ಇದೆ. ಪದಾರ್ಥ ಕೆಡದಂತೆ ಇಡಲು, ದನಕರುಗಳಿಗೆ, ಔಷಧ ತಯಾರಿಕೆಗೆ, ಕೈಗಾರಿಕೆಗೆ ಅಯೋಡಿನ್ ಇಲ್ಲದ ಉಪ್ಪನ್ನು ಹಾಗೆಂದು ಚೀಟಿ ಹಚ್ಚಿ ಮಾರಬಹುದು. ಮೇ ತಿಂಗಳ ಆ ಪೇಟೆಯಲ್ಲಿ ಗೋಣಿಯ ಸಾದಾ ಉಪ್ಪು ಪಕ್ಕದ ಬುಟ್ಟಿಯ ಬಂಗಡೆಗೆ ಹೋಗುವುದಾದರೆ ಕಾನೂನಿಗೆ ಒಪ್ಪಿಗೆ. ಅದೇ ಗೋಣಿಯಿಂದ ಒಂದು ಚಿಟಿಕೆ ಗಂಜಿಗೆಂದು ಮಾರಿದರೆ ಒಪ್ಪಿಗೆಯಿಲ್ಲ.