ಹಿಂದೆ ನಿಂತವನ ಚರಿತ್ರೆ: ಜ್ಯಾಕ್ ಚಾರ್ಲ್ಟನ್

ವರ್ಲ್ಡ್ ಕಪ್ ಬಂತೆಂದರೆ ನಮ್ಮ ಕಾಸರಗೋಡಿನ ರಸ್ತೆಗಳ ಎರಡೂ ಬದಿ ಫ್ಲೆಕ್ಸ್ ಏಳುತ್ತದೆ. ಮೆಸ್ಸಿ, ರೊನಾಲ್ಡೊ, ನೇಮರ್. ಎಲ್ಲ ಗೋಲು ಹೊಡೆಯುವವರೇ. ಗೋಲು ತಡೆಯುವ ಸ್ಟಾಪರ್‌ನ ಕಟೌಟ್ ನಿಲ್ಲಿಸಿದ್ದನ್ನು ನಾನಂತೂ ಕಂಡಿಲ್ಲ. ಗದ್ದೆಯಲ್ಲಿ ಸೆವೆನ್ಸ್ ಆಡುವಾಗಲೂ ಹಾಗೆಯೇ. ಎಲ್ಲರಿಗೂ ಮುಂದೆ ಆಡಬೇಕು. ಕೊನೆಗೆ ಎತ್ತರ ಇದ್ದವನನ್ನೋ ಬಾಲ್ ಕಂಟ್ರೋಲ್ ಇಲ್ಲದವನನ್ನೋ ಹಿಡಿದು "ನೀನು ಹಿಂದೆ ನಿಲ್ಲು" ಅಂತ ಹೇಳ್ತೇವೆ. ಗೆಳೆಯರೇ, ನಮ್ಮ ಸಂಘದ ಈ ಸಂಚಿಕೆಗೆ ಹಾಗೆ ಹಿಂದೆ ನಿಂತ ಒಬ್ಬನ ಚರಿತ್ರೆ ಬರೆದಿದ್ದೇನೆ.

ಜ್ಯಾಕ್ ಚಾರ್ಲ್ಟನ್ ಹುಟ್ಟಿದ್ದು 1935ರ ಮೇ 8ರಂದು, ಇಂಗ್ಲೆಂಡಿನ ಈಶಾನ್ಯ ಮೂಲೆಯ ಆಶಿಂಗ್ಟನ್‌ನಲ್ಲಿ. ಊರಿಗೆ ಊರೇ ಕಲ್ಲಿದ್ದಲು ಗಣಿಯನ್ನು ನಂಬಿ ಬದುಕುತ್ತಿತ್ತು. ಅಪ್ಪ ಬಾಬ್ ಗಣಿ ಕೆಲಸದವರು. ಮನೆಯಲ್ಲಿ ನಾಲ್ಕು ಗಂಡು ಮಕ್ಕಳು, ನಾಲ್ವರಿಗೂ ಒಂದೇ ಹಾಸಿಗೆ. ಫುಟ್‌ಬಾಲ್ ಬಂದದ್ದು ಅಮ್ಮನ ಕಡೆಯಿಂದ. ಅಮ್ಮ ಸಿಸ್ಸಿಯ ನಾಲ್ವರು ಸೋದರರು ಆಟವನ್ನೇ ವೃತ್ತಿ ಮಾಡಿಕೊಂಡವರು. ಮಕ್ಕಳಿಗೆ ಚೆಂಡು ಒದೆಯಲು ಕಲಿಸಿದ್ದೂ ಆ ತಾಯಿಯೇ.

ಎರಡನೆಯ ಮಗ ಬಾಬಿಗೆ ಚಿಕ್ಕಂದಿನಲ್ಲೇ ಆಟ ಒಲಿದಿತ್ತು. ದೊಡ್ಡ ದೊಡ್ಡ ಕ್ಲಬ್ಬುಗಳು ಅವನ ಬೆನ್ನು ಬಿದ್ದವು. ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿ ಲೋಕಕ್ಕೇ ಹೆಸರಾದ. ಹಿರಿಯವ ಜ್ಯಾಕ್ ಉದ್ದ ಕತ್ತಿನ ಬಡಕಲು ಹುಡುಗ. ಅವನಿಗೆ ಬಿದ್ದ ಅಡ್ಡಹೆಸರು 'ಜಿರಾಫೆ'. 15ನೇ ವಯಸ್ಸಿಗೆ ಲೀಡ್ಸ್ ಯುನೈಟೆಡ್ ಕ್ಲಬ್ ಟ್ರಯಲ್‌ಗೆ ಕರೆದಾಗ ಬೇಡವೆಂದು ಅಪ್ಪನ ಹಿಂದೆ ಗಣಿಗೆ ಹೋದ. ನೆಲದಡಿಯ ಆ ಕೆಲಸ ಎಂಥದ್ದೆಂದು ಕಂಡ ಮೇಲೆ ಬಿಟ್ಟು, ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ. ಅಷ್ಟರಲ್ಲಿ ಲೀಡ್ಸ್‌ಗೂ ಹೂಂ ಅಂದಿದ್ದ. ಪೊಲೀಸ್ ಸಂದರ್ಶನ, ಟ್ರಯಲ್ ಪಂದ್ಯ ಎರಡೂ ಒಂದೇ ದಿನ ಬಂತು. ಅವನು ಆಟಕ್ಕೆ ಹೋದ. ಮುಂದಿನದ್ದೆಲ್ಲ ಆ ಒಂದು ದಿನದಿಂದ ಆದದ್ದು.

1953ರ ಏಪ್ರಿಲ್‌ನಲ್ಲಿ ಲೀಡ್ಸ್ ಪರವಾಗಿ ಮೊದಲ ಪಂದ್ಯ. ಆಗ ಲೀಡ್ಸ್ ಎರಡನೇ ದರ್ಜೆಯ ಲೀಗಿನ ತಂಡ. ಜ್ಯಾಕ್ ಕೂಡ ಹೇಳಿದ್ದು ಕೇಳುವ ಜಾತಿಯಲ್ಲ; ಕೋಚ್‌ಗಳ ಜೊತೆ ವಾದ, ಚೆಂಡು ಸಿಕ್ಕಿದರೆ ತನ್ನ ಜಾಗ ಬಿಟ್ಟು ಮುಂದಕ್ಕೆ ಓಟ. ಸಹ ಆಟಗಾರ ಡಾನ್ ರೆವಿ ಇದಕ್ಕಾಗಿ ಅವನಿಗೆ ಬೈದದ್ದೂ ಉಂಟು. ಅದೇ ರೆವಿ 1961ರಲ್ಲಿ ಮ್ಯಾನೇಜರ್ ಆದ. (ನಾವು ಕೋಚ್ ಅನ್ನುವವನನ್ನು ಅಲ್ಲಿ ಮ್ಯಾನೇಜರ್ ಅನ್ನುತ್ತಾರೆ. ತಂಡ ಆರಿಸುವುದು, ಆಡಿಸುವುದು ಎಲ್ಲ ಅವನದ್ದೇ.) ರೆವಿಯ ಕೈಯಲ್ಲಿ ಲೀಡ್ಸೂ ಬದಲಾಯಿತು, ಜ್ಯಾಕೂ ಬದಲಾದ. 1964ರಲ್ಲಿ ತಂಡ ಮೊದಲ ದರ್ಜೆಗೆ ಏರಿತು.

ಇಂಗ್ಲೆಂಡ್ ತಂಡದಿಂದ ಜ್ಯಾಕ್‌ಗೆ ಕರೆ ಬಂದದ್ದು 1965ರಲ್ಲಿ, 30 ತುಂಬಲು ಒಂದು ತಿಂಗಳು ಇರುವಾಗ. ತಮ್ಮ ಬಾಬಿ ಅಷ್ಟರಲ್ಲಿ ಏಳು ವರ್ಷ ದೇಶಕ್ಕೆ ಆಡಿಯಾಗಿತ್ತು. 'ಇನ್ನು ನಂದು ಮುಗೀತು' ಅಂತ 22ಕ್ಕೇ ಆಟ ಬಿಡುವ ನಮ್ಮ ಹುಡುಗರು ಇದನ್ನು ಗಮನಿಸಬೇಕು.

ಮರುವರ್ಷವೇ ವಿಶ್ವಕಪ್. ಸೆಮಿಫೈನಲ್‌ನಲ್ಲಿ ಪೋರ್ಚುಗಲ್ ವಿರುದ್ಧ ಬಾಬಿ ಎರಡು ಗೋಲು ಹೊಡೆದ. ಜ್ಯಾಕ್ ಕೈಯಲ್ಲಿ ಚೆಂಡು ತಡೆದು ಪೆನಾಲ್ಟಿ ಕೊಟ್ಟ. ಅಪ್ಪ ಆ ಪಂದ್ಯ ನೋಡಲಿಲ್ಲ. ಆ ಹೊತ್ತಿಗೆ ಗಣಿಯಲ್ಲಿ ಅವರ ಪಾಳಿ ಇತ್ತು. ಇಬ್ಬರು ಮಕ್ಕಳು ವಿಶ್ವಕಪ್ ಸೆಮಿಫೈನಲ್ ಆಡುತ್ತಿದ್ದರೂ ಅಪ್ಪ ನೆಲದಡಿ! ಜುಲೈ 30ರ ಫೈನಲ್‌ನಲ್ಲಿ ಪಶ್ಚಿಮ ಜರ್ಮನಿ ಕೊನೇ ನಿಮಿಷದಲ್ಲಿ ಸಮ ಮಾಡಿದ್ದೂ ಜ್ಯಾಕ್ ಮಾಡಿದ ಫೌಲ್‌ಗೆ ಸಿಕ್ಕಿದ ಫ್ರೀ ಕಿಕ್‌ನಿಂದಲೇ. ಹೆಚ್ಚುವರಿ ಸಮಯದಲ್ಲಿ ಇಂಗ್ಲೆಂಡ್ 4-2ರಿಂದ ಗೆದ್ದಾಗ ಅವನು ಮೈದಾನದಲ್ಲೇ ಮೊಣಕಾಲೂರಿ ಕುಸಿದ.

ಅವನ ಆಟ ಒರಟು ಎಂಬುದನ್ನು ಮುಚ್ಚಿಡುವುದು ಬೇಡ. ಕಾರ್ನರ್ ಕಿಕ್ ಬಂದಾಗ ಎದುರಾಳಿ ಗೋಲಿಯ ಮೂಗಿನ ಮುಂದೆ ಹೋಗಿ ನಿಲ್ಲುವುದು ಅವನ ಉಪಾಯ. 1970ರಲ್ಲಿ ಟಿವಿಯಲ್ಲಿ, ತನಗೆ ನೋವು ಮಾಡಿದವರ ಹೆಸರು ಬರೆದಿಟ್ಟ ಕಪ್ಪು ಪುಸ್ತಕವೊಂದು ಇತ್ತೆಂದು ಹೇಳಿ ದೊಡ್ಡ ಗಲಾಟೆಯಾಯಿತು. ಫುಟ್‌ಬಾಲ್ ಸಂಸ್ಥೆ ವಿಚಾರಣೆ ಮಾಡಿ ತಪ್ಪಿಲ್ಲವೆಂದು ಬಿಟ್ಟಿತು. ಅಂಥ ಪುಸ್ತಕವೇ ಇರಲಿಲ್ಲ ಮಾರಾಯರೇ! 1973ರಲ್ಲಿ ನಿವೃತ್ತನಾಗುವಾಗ ಒಂದೇ ಕ್ಲಬ್ಬಿಗೆ 773 ಪಂದ್ಯ ಆಡಿದ್ದ. 1969ರ ಲೀಗ್, 1972ರ ಎಫ್‌ಎ ಕಪ್ ಗೆದ್ದ ತಂಡಗಳಲ್ಲಿ ಅವನಿದ್ದ.

ಅದೇ ವರ್ಷ ಮಿಡಲ್ಸ್‌ಬರೊ ತಂಡದ ಮ್ಯಾನೇಜರ್ ಆದ. ಮೊದಲ ಸೀಸನ್‌ನಲ್ಲೇ ಎರಡನೇ ದರ್ಜೆಯ ಲೀಗನ್ನು 15 ಅಂಕಗಳ ಅಂತರದಿಂದ ಗೆದ್ದ. ಗೆಲುವಿಗೆ ಎರಡೇ ಅಂಕವಿದ್ದ ಕಾಲ ಅದು. ಮುಂದೆ ಮೂರನೇ ದರ್ಜೆಯ ತಳದಲ್ಲಿ ಬಿದ್ದಿದ್ದ ಶೆಫೀಲ್ಡ್ ವೆಡ್ನ್ಸ್‌ಡೇ ತಂಡವನ್ನು 1980ರಲ್ಲಿ ಮೇಲೆತ್ತಿದ. ಈ ನಡುವೆ 1977ರಲ್ಲಿ ಇಂಗ್ಲೆಂಡ್ ಮ್ಯಾನೇಜರ್ ಹುದ್ದೆಗೆ ಅರ್ಜಿ ಹಾಕಿದ್ದ. ವಿಶ್ವಕಪ್ ಗೆದ್ದುಕೊಟ್ಟವನಿಗೆ 'ಇಲ್ಲ' ಎಂಬ ಉತ್ತರವೂ ಬರಲಿಲ್ಲ. ಅರ್ಜಿ ಹಾಕಿ ಉತ್ತರಕ್ಕೆ ಕಾದು ಕೂತವರು ನಮ್ಮಲ್ಲೂ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಇದರ ನೋವು ಗೊತ್ತು.

ಹೆಸರು, ದುಡ್ಡು ಬಂದ ಮೇಲೂ ಜ್ಯಾಕ್ ಯಾರ ಜೊತೆ ನಿಂತ ಎಂಬುದು ಮುಖ್ಯ. 1970ರ ದಶಕದಲ್ಲಿ ಕಪ್ಪು ಜನರನ್ನೂ ನಮ್ಮ ಕಡೆಯಿಂದ ಹೋದ ಏಷ್ಯನ್ನರನ್ನೂ ದೇಶ ಬಿಡಿಸಬೇಕೆಂದು ಅಲ್ಲಿ ನ್ಯಾಷನಲ್ ಫ್ರಂಟ್ ಎಂಬ ಪಕ್ಷ ಬೊಬ್ಬೆ ಹಾಕುತ್ತಿತ್ತು. ಅದರ ವಿರುದ್ಧ ಹುಟ್ಟಿದ ನಾಜಿ ವಿರೋಧಿ ಒಕ್ಕೂಟಕ್ಕೆ ಬೆಂಬಲ ಕೊಟ್ಟವರಲ್ಲಿ ಇವನೂ ಒಬ್ಬ. 1984-85ರಲ್ಲಿ ಗಣಿ ಕಾರ್ಮಿಕರು ಒಂದು ವರ್ಷ ಮುಷ್ಕರ ಹೂಡಿದಾಗ, ಪಿಕೆಟಿಂಗಿಗೆ ಓಡಾಡಲು ತನ್ನ ಎರಡು ಕಾರುಗಳನ್ನೇ ಕೊಟ್ಟ.

1986ರಲ್ಲಿ ಐರ್ಲೆಂಡ್ ಕರೆಯಿತು. ಆ ತಂಡಕ್ಕೆ ಹೊರದೇಶದವನೊಬ್ಬ ಮ್ಯಾನೇಜರ್ ಆದದ್ದು ಅದೇ ಮೊದಲು. ಅದೂ ನೂರಾರು ವರ್ಷ ತಮ್ಮನ್ನು ಆಳಿದ ಇಂಗ್ಲೆಂಡಿನವನು! ಐರ್ಲೆಂಡ್ ಸಣ್ಣ ದೇಶ. ತಲೆಮಾರುಗಳಿಂದ ಅದರ ಬಡವರು ಕೆಲಸ ಹುಡುಕಿ ಇಂಗ್ಲೆಂಡಿಗೆ, ಸ್ಕಾಟ್ಲೆಂಡಿಗೆ ಹೋದವರು. ಅಪ್ಪ ಅಮ್ಮ ಅಥವಾ ಅಜ್ಜ ಅಜ್ಜಿ ಒಂದು ದೇಶದವರಾದರೆ ಮಕ್ಕಳು ಆ ದೇಶಕ್ಕೆ ಆಡಬಹುದು ಎಂಬ ನಿಯಮವಿತ್ತು. ಜ್ಯಾಕ್ ಅದನ್ನೇ ಹಿಡಿದ. ಗ್ಲಾಸ್ಗೋದಲ್ಲಿ ಹುಟ್ಟಿದ ರೇ ಹೌಟನ್, ಲಿವರ್‌ಪೂಲ್‌ನ ಜಾನ್ ಆಲ್ಡ್ರಿಜ್ ಮುಂತಾದವರು ಬಂದರು. 'ಇವರೆಂಥ ಐರಿಶರು?' ಎಂದು ಕುಹಕ ಮಾಡಿದವರಿದ್ದರು. ಗೆರೆಯ ಆಚೆ ಇದ್ದ ಮಾತ್ರಕ್ಕೆ ಮನೆಯ ನಂಟು ಹೋಗುವುದಿಲ್ಲ ಎಂದು ಗಡಿನಾಡಿನ ನಮಗೆ ಯಾರೂ ವಿವರಿಸಬೇಕಾಗಿಲ್ಲ.

1988ರ ಜೂನ್ 12, ಯುರೋಪಿಯನ್ ಕಪ್. ಐರ್ಲೆಂಡ್‌ನ ಮೊದಲ ದೊಡ್ಡ ಟೂರ್ನಿ, ಮೊದಲ ಪಂದ್ಯವೇ ಇಂಗ್ಲೆಂಡ್ ಮೇಲೆ. ಆರನೇ ನಿಮಿಷಕ್ಕೆ ಹೌಟನ್ ಹೆಡ್ ಮಾಡಿದ ಗೋಲು, 1-0. ಅರ್ಜಿಗೆ ಉತ್ತರ ಕೊಡದವರಿಗೆ ಉತ್ತರ ಸಿಕ್ಕಿತು. 1990ರ ವಿಶ್ವಕಪ್‌ನಲ್ಲಿ ನಿಗದಿತ ಸಮಯದಲ್ಲಿ ಒಂದೂ ಪಂದ್ಯ ಗೆಲ್ಲದೆ, ರೊಮೇನಿಯಾವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಕ್ವಾರ್ಟರ್‌ಫೈನಲ್‌ಗೆ ಹೋಯಿತು. 1994ರಲ್ಲಿ ಇಟಲಿಯನ್ನೇ 1-0ರಿಂದ ಮಣಿಸಿತು.

ಉದ್ದಕ್ಕೆ ಒದ್ದು ಬೆನ್ನಟ್ಟುವ ಈ ಆಟ ಚಂದವಿಲ್ಲ ಎಂದು ಅಲ್ಲಿನವರೇ ಟೀಕಿಸಿದರು. ಲಿಯಾಮ್ ಬ್ರೇಡಿಯಂಥ ಕಲಾವಿದ ಆಟಗಾರನನ್ನು ಮೊದಲ ಅರ್ಧದಲ್ಲೇ ಹೊರಗೆ ಕರೆಸಿದ್ದು ನನಗೂ ಸರಿ ಕಾಣುವುದಿಲ್ಲ. ಆದರೆ ಪೌಲ್ ಮೆಗ್ರಾಥ್ ವಿಷಯದಲ್ಲಿ ಜ್ಯಾಕ್ ಬೇರೆಯೇ ಮನುಷ್ಯ. ಮೆಗ್ರಾಥ್‌ನ ತಾಯಿ ಐರಿಶ್, ತಂದೆ ನೈಜೀರಿಯಾದವರು. ಡಬ್ಲಿನ್‌ನ ಅನಾಥಾಲಯಗಳಲ್ಲಿ ಬಣ್ಣದ ಕಾರಣಕ್ಕೆ ಚುಚ್ಚುಮಾತು ಕೇಳುತ್ತ ಬೆಳೆದವನು. ಕೆಟ್ಟುಹೋದ ಮೊಣಕಾಲು, ಬಿಡಲಾಗದ ಕುಡಿತ. ಮೊಣಕಾಲಿಗಾಗಿ ಜ್ಯಾಕ್ ಅವನಿಗೆ ತರಬೇತಿಯಲ್ಲಿ ರಿಯಾಯಿತಿ ಕೊಟ್ಟ. ಕುಡಿತದಿಂದ ಅವನು ತಪ್ಪಿದಾಗಲೂ ಬಾಗಿಲು ಮುಚ್ಚಲಿಲ್ಲ. ಇಟಲಿ ವಿರುದ್ಧದ ಆ ಪಂದ್ಯದಲ್ಲಿ ಭುಜದ ನೋವಿನಲ್ಲೇ ಮೆಗ್ರಾಥ್ ಗೋಡೆಯಂತೆ ನಿಂತು ಋಣ ತೀರಿಸಿದ.

1995ರ ಕೊನೆಗೆ ಜ್ಯಾಕ್ ಹುದ್ದೆ ಬಿಟ್ಟ. ಮರುವರ್ಷ ಐರ್ಲೆಂಡ್ ಅವನಿಗೆ ಗೌರವ ಪೌರತ್ವ ಕೊಟ್ಟಿತು. ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಬಂತು. ಒಂದು ಸಾಕ್ಷ್ಯಚಿತ್ರದಲ್ಲಿ ಹಳೆಯ ಪಂದ್ಯಗಳ ದೃಶ್ಯ ತೋರಿಸಿದಾಗ, ಎಲ್ಲ ಮರೆತಿದ್ದ ಆ ಮುದುಕ ಮೆಗ್ರಾಥ್‌ನ ಗುರುತು ಹಿಡಿದು ನಗುತ್ತಾನೆ. 2020ರ ಜುಲೈ 10ರಂದು 85ನೇ ವಯಸ್ಸಿನಲ್ಲಿ ತೀರಿಕೊಂಡ.

ನಮ್ಮಲ್ಲೂ ನಾಳೆ ಒಬ್ಬ ಕೋಚ್ ಆಗಬಹುದು, ಒಬ್ಬ ಆಫೀಸರ್ ಆಗಬಹುದು. ಗಣಿಯಿಂದ ಮೇಲೆ ಬಂದವನು ಗಣಿಯವರನ್ನು ಮರೆಯಲಿಲ್ಲ, ತಾನು ಒಳಗೆ ಹೋದ ಮೇಲೆ ಹೊರಗೆ ನಿಂತವರಿಗೂ ಬಾಗಿಲು ತೆರೆದು ಹಿಡಿದ. ಇಷ್ಟು ನೆನಪಿಟ್ಟುಕೊಂಡರೆ ಸಾಕು. ಮತ್ತೆ, ಈ ಭಾನುವಾರ ಆಟಕ್ಕಿಳಿಯುವಾಗ "ನಾನು ಹಿಂದೆ ನಿಲ್ತೇನೆ" ಅಂತ ಒಬ್ಬನಾದರೂ ತಾನಾಗಿ ಹೇಳಲಿ.