ವಕೀಲಿ ವೃತ್ತಿಯಿಂದ ವಚನ ಕಾಯಕಕ್ಕೆ: ಡಾ. ಫ.ಗು. ಹಳಕಟ್ಟಿ

ಶರಣರ ವಚನಗಳು ಇಂದು ಮನೆಮನೆಗಳಲ್ಲಿ ಪಠಣವಾಗುತ್ತಿವೆ. ನೂರು ವರ್ಷಗಳ ಹಿಂದೆ ಸ್ಥಿತಿ ಹೀಗಿರಲಿಲ್ಲ. ಅಲ್ಲೊಂದು ಇಲ್ಲೊಂದು ಸಂಗ್ರಹ ಅಚ್ಚಾಗಿದ್ದರೂ ವಚನರಾಶಿಯ ಬಹುಭಾಗ ತಾಡೋಲೆಗಳಲ್ಲಿಯೇ ಉಳಿದಿತ್ತು. ಆ ಕಟ್ಟುಗಳಿಗೆ ದೇವರ ಜಗುಲಿಯ ಮೇಲೆ ಪೂಜೆ ಸಲ್ಲುತ್ತಿತ್ತೇ ವಿನಾ ಅವನ್ನು ಬಿಚ್ಚಿ ಓದುವವರು ವಿರಳ. ಹುಳುವಿಗೆ ಮಾತ್ರ ಈ ಭೇದವಿರಲಿಲ್ಲ.

1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಮುಂಬಯಿಯಲ್ಲಿ ವ್ಯಾಸಂಗ ಮಾಡಿ 1904ರಲ್ಲಿ ಕಾನೂನು ಪದವಿ ಪಡೆದರು. ಬೆಳಗಾವಿಯಲ್ಲಿ ಕೆಲಕಾಲ ವಕೀಲಿ ಮಾಡಿ ವಿಜಾಪುರಕ್ಕೆ ಬಂದು ನೆಲೆಸಿದರು. ಸರಕಾರಿ ವಕೀಲರೂ ಆದರು. ಕೈತುಂಬ ಆದಾಯ, ಸಮಾಜದಲ್ಲಿ ಮನ್ನಣೆ ಎರಡೂ ಇದ್ದವು. ಆದರೆ ಬಿಡುವಿನ ವೇಳೆಯ ಹವ್ಯಾಸವಾಗಿ ಮೊದಲಾದ ತಾಡೋಲೆಗಳ ಶೋಧ ಕ್ರಮೇಣ ನ್ಯಾಯಾಲಯದ ಹೊತ್ತನ್ನೂ ಬೇಡತೊಡಗಿತು.

ಅವರು ವಕೀಲಿಯನ್ನು ಬಿಟ್ಟರು, ವಕೀಲನ ಕಣ್ಣನ್ನು ಬಿಡಲಿಲ್ಲವೆಂದೇ ಹೇಳಬೇಕು. ಓಲೆಗಳಲ್ಲಿ ಪದಗಳ ನಡುವೆ ಅಂತರವಿಲ್ಲ, ವಿರಾಮಚಿಹ್ನೆಗಳಿಲ್ಲ. ಲಿಪಿಕಾರನಿಂದ ಲಿಪಿಕಾರನಿಗೆ ಪಾಠ ಬದಲಾಗುತ್ತದೆ. ಒಂದು ಪ್ರತಿಯ ಸಾಕ್ಷ್ಯವನ್ನು ಮತ್ತೊಂದರ ಎದುರು ನಿಲ್ಲಿಸಿ ನೋಡಬೇಕು. ವಚನದ ಕೊನೆಯ ಅಂಕಿತವೇ ಇಲ್ಲಿ ಸಹಿ. ಅದನ್ನು ಹಿಡಿದೇ ಇದು ಯಾವ ಶರಣರದೆಂದು ನಿರ್ಣಯಿಸಬೇಕು. ಅದುವರೆಗೆ ಐವತ್ತರಷ್ಟು ವಚನಕಾರರ ಹೆಸರು ಮಾತ್ರ ತಿಳಿದಿದ್ದಲ್ಲಿ, ಅವರ ಶೋಧದಿಂದ ಆ ಸಂಖ್ಯೆ 250ನ್ನು ಮೀರಿತು.

1922ರಲ್ಲಿ ಬಸವಣ್ಣನವರ ವಚನಗಳ ಇಂಗ್ಲಿಷ್ ಅನುವಾದವನ್ನು ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದರು. ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸುವುದು ಮಾತ್ರ ಅಷ್ಟು ಸುಲಭವಾಗಲಿಲ್ಲ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿಸಿದ ಹಸ್ತಪ್ರತಿ ಮರಳಿ ಬಂದಿತು. ಕಡೆಗೆ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಗ್ರಂಥ ಬೆಳಕು ಕಂಡಿತು. ಪರರ ಅಚ್ಚುಕೂಟವನ್ನು ನಂಬಿದರೆ ಆಯುಷ್ಯ ಸಾಲದೆಂದು ಅವರಿಗೆ ಮನವರಿಕೆಯಾಗಿರಬೇಕು. ಸ್ವಂತ ಮನೆಯನ್ನು ಮಾರಿ, 1925ರಲ್ಲಿ ವಿಜಾಪುರದಲ್ಲಿಯೇ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ಮನೆಗಳ ವ್ಯಾಜ್ಯವನ್ನು ಕಂಡು ಬಲ್ಲ ವಕೀಲರೊಬ್ಬರು ತಾವೇ ಬಾಡಿಗೆಯ ಮನೆ ಸೇರಿದರು! ಮರುವರ್ಷ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ ಹೊರಟವು. ವಕೀಲಿಯ ಗಳಿಕೆ ನಿಂತಿತು, ಬಡತನ ಬಂದು ನೆಲೆಸಿತು; ‘ಶಿವಾನುಭವ’ ಮೂರು ದಶಕಗಳಿಗೂ ಮೀರಿ ನಡೆಯಿತು.

ಅವರು ಕೊಟ್ಟ ಪಾಠಗಳಲ್ಲಿ ದೋಷಗಳಿವೆಯೆಂದು ಮುಂದಿನ ವಿದ್ವಾಂಸರು ತೋರಿಸಿದ್ದುಂಟು. ಅದು ಸಹಜವೂ ಹೌದು. 1993ರಲ್ಲಿ ಕರ್ನಾಟಕ ಸರಕಾರ 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಹೊರತಂದಾಗ, ಅದರ ಹಿಂದೆ ಏಳು ದಶಕಗಳ ಪರಿಷ್ಕರಣೆಯಿತ್ತು. ಹಳಕಟ್ಟಿಯವರ ಮುಂದೆ ಇದ್ದದ್ದು ಬರಿಯ ಓಲೆಗಳು.

1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಒಲಿಯಿತು. ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಬಂದದ್ದು 1956ರಲ್ಲಿ, ಅವರ 76ನೆಯ ವಯಸ್ಸಿನ ಸುಮಾರಿಗೆ. 1964ರ ಜೂನ್ 29ರಂದು, 84 ತುಂಬಲು ಮೂರು ದಿನಗಳಿರುವಾಗ, ವಿಜಾಪುರದಲ್ಲಿ ಲಿಂಗೈಕ್ಯರಾದರು.